ಬಿತ್ತನೆ ರಾಗಿ ಬೇರೆ, ಊಟದ ರಾಗಿ ಬೇರೆ

ಮಿಸಿಸಾಗದ ಓದುಗ ಮಿತ್ರರಿಗೆ ನಮಸ್ಕಾರ.

ನಿಮ್ಮ ಪತ್ರ ತಲುಪಿತು. ಇಮೇಲ್‌ನಲ್ಲೇ ಬಂದರೂ ಪ್ರಿಂಟ್ ತೆಗೆಸಿದರೆ ನಾಲ್ಕು ಪುಟ. ತುಂಬ ಬೈದಿದ್ದೀರಿ. ಆದರೆ ಮರ್ಯಾದೆ ಕೊಟ್ಟು ಬೈದಿದ್ದೀರಿ, ಹಾಗಾಗಿ ಎರಡು ಸಲ ಓದಿದೆ.

ಉಳಿದ ಓದುಗರಿಗಾಗಿ ವಿಷಯ ಏನು ಅಂತ ಹೇಳಿಬಿಡುತ್ತೇನೆ. ಕಳೆದ ಸಂಚಿಕೆಯಲ್ಲಿ ನಾನು ಒಂದು ಮಾತು ಬರೆದಿದ್ದೆ. ಒಂದೇ ವರ್ಷದಲ್ಲಿ ಬಿಟ್ಟು ಹೋಗಬಹುದಾದ ಸ್ಟಾರ್ ಆಟಗಾರನಿಗಾಗಿ ತಂಡವನ್ನು ಪಣಕ್ಕಿಡುವುದು ಜೂಜು, ಬುದ್ಧಿ ಇರುವವರು ಅದಕ್ಕೆ ಕೈ ಹಾಕುವುದಿಲ್ಲ ಅಂತ. ಈ ಓದುಗರು ಮಲ್ಲೇಶ್ವರದಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿ ಬೆಳೆದವರು, ಈಗ ಟೊರಾಂಟೊ ಪಕ್ಕದಲ್ಲಿದ್ದಾರೆ. ‘ನಮ್ಮ ರ್‍ಯಾಪ್ಟರ್ಸ್ 2018ರಲ್ಲಿ ಮಾಡಿದ್ದು ಮರೆತುಹೋಯಿತಾ ಸ್ವಾಮಿ?’ ಅಂತ ಕೇಳಿದ್ದಾರೆ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎನಲ್ಲಿ ಟೊರಾಂಟೊದ ತಂಡವೇ ಈ ರ್‍ಯಾಪ್ಟರ್ಸ್. 2018ರಲ್ಲಿ ಅದು ತನ್ನ ಸ್ಟಾರನ್ನು ಕೊಟ್ಟು, ಒಂದೇ ವರ್ಷದಲ್ಲಿ ಬಿಟ್ಟು ಹೋಗಬಹುದಾಗಿದ್ದ ಕವಾಯ್ ಲೆನರ್ಡ್ ಅವರನ್ನು ತಂದು, ಮರುವರ್ಷ ಕಪ್ ಗೆದ್ದಿತ್ತು. ಪತ್ರ ಬರೆದವರು ಅಷ್ಟಕ್ಕೇ ನಿಲ್ಲಿಸಿಲ್ಲ. ತಂಡ ಮತ್ತೆ ಹಾಗೇ ಮಾಡಬೇಕಂತೆ. ಇರುವ ಎಳೆ ಹುಡುಗರಲ್ಲಿ ಇಬ್ಬರನ್ನೂ, ಜೊತೆಗೆ ಮೊದಲ ಸುತ್ತಿನ ಮೂರು ಡ್ರಾಫ್ಟ್ ಆಯ್ಕೆಗಳನ್ನೂ ಕೊಟ್ಟು ಯಾರಾದರೂ ದೊಡ್ಡ ಸ್ಟಾರನ್ನು ತರಬೇಕಂತೆ. (ಡ್ರಾಫ್ಟ್ ಅಂದರೆ ಪ್ರತಿ ವರ್ಷ ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವುದು. ಕೆಳಗಿರುವ ತಂಡಗಳಿಗೆ ಸಾಮಾನ್ಯವಾಗಿ ಮೊದಲ ಸರದಿ.) ‘ಒಂದು ವರ್ಷ ಇದ್ದರೆ ಸಾಕು, ಕಪ್ ಬಂದರೆ ಆಯ್ತಲ್ಲ.’ ಕೊನೆಗೆ ಅವರ ಮಗಳ ಪ್ರಶ್ನೆ ಒಂದಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ತಪ್ಪೊಪ್ಪಿಗೆ. 2018 ನನಗೆ ಮರೆತಿರಲಿಲ್ಲ. ಅದನ್ನು ಎಳೆದು ತಂದರೆ ನನ್ನ ವಾಕ್ಯ ನಿಲ್ಲುವುದಿಲ್ಲ ಅಂತ ಗೊತ್ತಿದ್ದೇ ಪಕ್ಕಕ್ಕಿಟ್ಟೆ. ಬರೆಯುವವರಿಗೆ ಇದೊಂದು ಕೆಟ್ಟ ಚಾಳಿ. ನೀವು ಹಿಡಿದಿರಿ, ಒಪ್ಪಿದೆ.

ಆದರೆ 2018ರಲ್ಲಿ ಅವರು ಮಾಡಿದ್ದು ಮತ್ತು ನೀವು ಈಗ ಮಾಡಿ ಅನ್ನುತ್ತಿರುವುದು ಒಂದೇ ಅಲ್ಲ. ಮೇಲ್ನೋಟಕ್ಕೆ ಅಣ್ಣತಮ್ಮಂದಿರ ಥರ ಕಾಣುತ್ತವೆ, ಅಷ್ಟೆ.

ಆ ಬೇಸಿಗೆಯ ಪರಿಸ್ಥಿತಿ ನೆನಪಿಸಿಕೊಳ್ಳಿ. 2017-18ರಲ್ಲಿ ಟೊರಾಂಟೊ 82ರಲ್ಲಿ 59 ಪಂದ್ಯ ಗೆದ್ದಿತ್ತು. ಪ್ಲೇಆಫ್‌ನಲ್ಲಿ ಲೆಬ್ರಾನ್ ಜೇಮ್ಸ್ ಅವರ ಕ್ಲೀವ್‌ಲ್ಯಾಂಡ್ ಎದುರಾಯಿತು, ನಾಲ್ಕಕ್ಕೆ ನಾಲ್ಕೂ ಸೋತರು. ಅದರ ಹಿಂದಿನ ವರ್ಷವೂ ಅವರಿಗೇ 4-0. ಅದರ ಹಿಂದೆ 4-2. ಮೂರು ವರ್ಷ, ಅದೇ ಗೋಡೆಗೆ ಅದೇ ತಲೆ. ಕೋಚ್ ಡ್ವೇನ್ ಕೇಸಿ ಅವರನ್ನು ಮೇ ತಿಂಗಳಲ್ಲಿ ಮನೆಗೆ ಕಳಿಸಿದರು. ತಮಾಷೆ ನೋಡಿ, ಮುಂದಿನ ತಿಂಗಳೇ ಅವರಿಗೆ ವರ್ಷದ ಶ್ರೇಷ್ಠ ಕೋಚ್ ಪ್ರಶಸ್ತಿ ಬಂತು. ಅಂದರೆ ತಂಡ ಕೆಟ್ಟದಿರಲಿಲ್ಲ. ಒಳ್ಳೆಯದೇ ಇತ್ತು. ಆದರೆ ಅದು ಎಷ್ಟು ಎತ್ತರಕ್ಕೆ ಹೋಗಬಲ್ಲದು ಅನ್ನುವುದು ಎಲ್ಲರಿಗೂ ಗೊತ್ತಾಗಿ ಹೋಗಿತ್ತು.

ಅದೇ ಜುಲೈನಲ್ಲಿ ಲೆಬ್ರಾನ್ ಲಾಸ್ ಏಂಜಲೀಸ್ ಲೇಕರ್ಸ್ ಸೇರಿದರು. ಪೂರ್ವ ವಿಭಾಗದ ಬಾಗಿಲಲ್ಲಿ ಅಡ್ಡ ಮಲಗಿದ್ದ ಆನೆ ಎದ್ದು ಪಶ್ಚಿಮಕ್ಕೆ ಹೋಯಿತು. ಗಾಳಿ ಬಂದಾಗ ತೂರಿಕೋ ಅಂತ ನಮ್ಮವರು ಹೇಳುವುದು ಇಂಥ ಹೊತ್ತಿಗೇ. ತಂಡದ ಆಗಿನ ಅಧ್ಯಕ್ಷ ಮಸಾಯ್ ಉಜಿರಿ ಮೊರ ಕೈಗೆ ತೆಗೆದುಕೊಂಡರು.

ಜುಲೈ 18ರಂದು ಟ್ರೇಡ್, ಅಂದರೆ ಆಟಗಾರರ ಅದಲುಬದಲು, ಆಯಿತು. ಸ್ಯಾನ್ ಆಂಟೋನಿಯೊ ಸ್ಪರ್ಸ್‌ಗೆ ತಂಡದ ಸ್ಟಾರ್ ಡೆಮಾರ್ ಡಿರೋಜನ್, ಯಾಕೋಬ್ ಪೋಲ್ಟಲ್, ಜೊತೆಗೆ 2019ರ ಮೊದಲ ಸುತ್ತಿನ ಒಂದು ಆಯ್ಕೆ. ಬದಲಿಗೆ ಕವಾಯ್ ಲೆನರ್ಡ್ ಮತ್ತು ಡ್ಯಾನಿ ಗ್ರೀನ್. ಐಪಿಎಲ್ ಹರಾಜು ನೋಡಿ ಅಭ್ಯಾಸ ಇರುವವರಿಗೆ ಒಂದು ಮಾತು. ಎನ್‌ಬಿಎ ಟ್ರೇಡ್‌ನಲ್ಲಿ ದುಡ್ಡು ಸುರಿದು ಆಟಗಾರನನ್ನು ಎತ್ತಿಕೊಂಡು ಬರಲು ಆಗುವುದಿಲ್ಲ. ಸಂಬಳದ ಮಿತಿ ಮುಟ್ಟಿದ ತಂಡ ಎಷ್ಟು ಸಂಬಳ ಒಳಗೆ ತರುತ್ತದೋ ಹೆಚ್ಚುಕಡಿಮೆ ಅಷ್ಟೇ ಸಂಬಳ ಹೊರಗೆ ಕಳಿಸಬೇಕು. ಇಲ್ಲಿ ಆ ಕಡೆ ಸುಮಾರು 3 ಕೋಟಿ ಡಾಲರ್, ಈ ಕಡೆಯೂ ಸುಮಾರು 3 ಕೋಟಿ. ಸ್ಟಾರ್ ಬೇಕು ಅಂದರೆ ಸ್ಟಾರನ್ನೇ ಕೊಡಬೇಕಾಗಿ ಬರುವುದು ಇದಕ್ಕೇ.

ಅಪಾಯ ಎಷ್ಟಿತ್ತು? ಬೇಕಾದಷ್ಟಿತ್ತು. ಲೆನರ್ಡ್ 2014ರ ಫೈನಲ್‌ನ ಶ್ರೇಷ್ಠ ಆಟಗಾರ, ನಿಜ. ಆದರೆ ತೊಡೆಯ ಗಾಯದಿಂದ ಟ್ರೇಡ್‌ಗೆ ಮುಂಚಿನ 2017-18ರ ಋತುವಿನಲ್ಲಿ ಆಡಿದ್ದು ಬರೀ 9 ಪಂದ್ಯ. 2019ರ ಬೇಸಿಗೆಗೆ ಒಪ್ಪಂದ ಬಿಟ್ಟು ಹೊರಡುವ ಹಕ್ಕು ಅವರ ಕೈಯಲ್ಲಿತ್ತು. ಊರು ದಕ್ಷಿಣ ಕ್ಯಾಲಿಫೋರ್ನಿಯಾ. ಟೊರಾಂಟೊದ ಜನವರಿ ಚಳಿಗೆ ಅವರ ಮನಸ್ಸು ಸೋಲುತ್ತದೆ ಅಂತ ಯಾರೂ ಬಾಜಿ ಕಟ್ಟುತ್ತಿರಲಿಲ್ಲ. ಅಲ್ಲಿನ ಚಳಿ ನಿಮಗೆ ಗೊತ್ತೇ ಇದೆ, ನಾನೇನು ಹೇಳಲಿ.

ಆಮೇಲಿನ ಕಥೆ ನೀವು ನನಗಿಂತ ಚೆನ್ನಾಗಿ ಹೇಳುತ್ತೀರಿ. ಆದರೂ 2019ರ ಮೇ 12ರ ಬಗ್ಗೆ ನಾನು ಸುಮ್ಮನಿರಲಾರೆ. ಫಿಲಡೆಲ್ಫಿಯಾ ಎದುರು ಎರಡನೇ ಸುತ್ತಿನ ಸರಣಿಯ ಏಳನೇ, ನಿರ್ಣಾಯಕ ಪಂದ್ಯ. 90-90. ಉಳಿದಿದ್ದು 4.2 ಸೆಕೆಂಡ್. ಲೆನರ್ಡ್ ಚೆಂಡು ಹಿಡಿದು ಬಲಗಡೆ ಮೂಲೆಗೆ ಓಡಿದರು. ಏಳಡಿ ಎತ್ತರದ ಜೋಯೆಲ್ ಎಂಬೀಡ್ ಬೆನ್ನುಬಿಡದೆ ಬಂದರು. ಅವರ ಕೈ ದಾಟಬೇಕು ಅಂತ ಚೆಂಡನ್ನು ಆಕಾಶಕ್ಕೇ ಎಸೆದರು. ಗಡಿಯಾರ ಸೊನ್ನೆ ಆಯಿತು. ಚೆಂಡು ಬಳೆಗೆ ಬಡಿಯಿತು. ಒಂದು ಸಲ, ಎರಡು, ಮೂರು, ನಾಲ್ಕು. ಆಮೇಲೆ ಒಳಗೆ ಬಿತ್ತು. ಎಸೆದವರು ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದರು. 92-90. ಆ 92ರಲ್ಲಿ 41 ಅವರೊಬ್ಬರದೇ.

ಈ ನಾಲ್ಕು ಬಡಿತದ ಬಗ್ಗೆ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ನಾಲ್ಕನೆಯದು ಆಚೆ ಹಾರಿದ್ದರೆ? ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಗುತ್ತಿತ್ತು. ಅಲ್ಲಿ ಸೋತಿದ್ದರೆ ಟೊರಾಂಟೊ ಮತ್ತೆ ಎರಡನೇ ಸುತ್ತಿನಲ್ಲೇ ಔಟ್. ಲೆನರ್ಡ್ ಹೇಗೂ ಹೊರಡುತ್ತಿದ್ದರು. ಆಗ ನೀವು ಈ ಪತ್ರ ಬರೆಯುತ್ತಿರಲಿಲ್ಲ. ಉಜಿರಿ ಹೆಸರು ಕೇಳಿದರೆ ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅನ್ನುತ್ತಿದ್ದಿರಿ. ಗೋಲ್ಡನ್ ಸ್ಟೇಟ್ ಎದುರಿನ ಫೈನಲ್‌ನಲ್ಲೂ ಅಷ್ಟೇ. ಅವರ ಕೆವಿನ್ ಡ್ಯುರಾಂಟ್ ಗಾಯದಿಂದ ಬಂದು ಐದನೇ ಪಂದ್ಯದಲ್ಲಿ ಸ್ವಲ್ಪ ಹೊತ್ತು ಆಡಿ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಹರಿದುಕೊಂಡರು. ಆರನೇ ಪಂದ್ಯದಲ್ಲಿ ಅದೇ ತಂಡದ ಕ್ಲೇ ಥಾಂಪ್ಸನ್ ಮಂಡಿ ಹೋಯಿತು. ಜೂನ್ 13ರಂದು 114-110, ಸರಣಿ 4-2, ಕೆನಡಾದ ತಂಡವೊಂದಕ್ಕೆ ಮೊದಲ ಎನ್‌ಬಿಎ ಕಪ್. ಗೆದ್ದವರ ಸಾಮರ್ಥ್ಯ ನಾನು ಕಡಿಮೆ ಮಾಡುತ್ತಿಲ್ಲ. ಆದರೆ ಅದೃಷ್ಟ ಅವರ ಬೆಂಚಲ್ಲೇ ಕೂತಿತ್ತು.

ಕಪ್ ಬಂತು, ಹಾಗಾಗಿ ಟ್ರೇಡ್ ಸರಿ ಅನ್ನುತ್ತೀರಿ ನೀವು. ನಾನು ಹಾಗೆ ಅನ್ನುವುದಿಲ್ಲ. ಕಪ್ ಬರದಿದ್ದರೂ ಅದು ಸರಿಯೇ ಆಗಿತ್ತು. ಯಾಕೆ ಅಂದರೆ ಉಜಿರಿ ಏನು ತಂದರು ಅನ್ನುವುದಕ್ಕಿಂತ ಏನು ಕೊಡಲಿಲ್ಲ ಅನ್ನುವುದು ದೊಡ್ಡದು.

ಪ್ಯಾಸ್ಕಲ್ ಸಿಯಾಕಮ್ ಅವರನ್ನು ಕೊಡಲಿಲ್ಲ. ಓಜಿ ಅನುನೋಬಿ, ಫ್ರೆಡ್ ವ್ಯಾನ್‌ವ್ಲೀಟ್ ಇಬ್ಬರನ್ನೂ ಕೊಡಲಿಲ್ಲ. ಸಿಯಾಕಮ್ 27ನೇ ಆಯ್ಕೆಯಾಗಿ ಬಂದ ಹುಡುಗ. ವ್ಯಾನ್‌ವ್ಲೀಟ್ ಡ್ರಾಫ್ಟ್‌ನಲ್ಲಿ ಯಾರಿಗೂ ಬೇಡವಾದವರು. ಕಪ್ ಗೆದ್ದ ಆ ಕೊನೇ ಪಂದ್ಯದ ಅಂಕಪಟ್ಟಿ ತೆಗೆದು ನೋಡಿ. ಕೈಲ್ ಲೌರಿ 26, ಸಿಯಾಕಮ್ 26, ಲೆನರ್ಡ್ 22, ವ್ಯಾನ್‌ವ್ಲೀಟ್ 22. ಬಂದ ನೆಂಟರಷ್ಟೇ ಮನೆಯ ಹುಡುಗರೂ ದುಡಿದಿದ್ದಾರೆ. ಕೊಟ್ಟ ಆ ಒಂದು ಡ್ರಾಫ್ಟ್ ಆಯ್ಕೆಗೂ ಬೇಲಿ ಹಾಕಿದ್ದರು. ಅದು ಮೊದಲ 20ರೊಳಗೆ ಬಂದರೆ ಕೊಡುವುದಿಲ್ಲ ಅಂತ ಷರತ್ತು. ಅಂದರೆ ತಂಡ ಮುಗ್ಗರಿಸಿದರೆ ಒಳ್ಳೆಯ ಆಯ್ಕೆ ಮನೆಯಲ್ಲೇ ಉಳಿಯುತ್ತಿತ್ತು. ಕೊನೆಗೆ ಸ್ಪರ್ಸ್‌ಗೆ ಸಿಕ್ಕಿದ್ದು 29ನೆಯದು.

ನಮ್ಮ ಕಡೆ ರೈತರ ಮನೆಯಲ್ಲಿ ಬಿತ್ತನೆ ರಾಗಿ ಬೇರೆ, ಊಟದ ರಾಗಿ ಬೇರೆ ಇಡುತ್ತಾರೆ. ಹಬ್ಬ ಜೋರಾಗಿ ಮಾಡಬೇಕು ಅನ್ನಿಸಿದರೆ ಊಟದ ರಾಗಿ ಮಾರುತ್ತಾರೆ. ಬಿತ್ತನೆಯದಕ್ಕೆ ಕೈ ಹಾಕುವುದಿಲ್ಲ. ಉಜಿರಿ ಮಾರಿದ್ದು ಊಟದ ರಾಗಿ. ಲೆನರ್ಡ್ ಹೋದ ಮುಂದಿನ ಋತುವಿನಲ್ಲಿ ಅದೇ ಟೊರಾಂಟೊ 72ರಲ್ಲಿ 53 ಪಂದ್ಯ ಗೆದ್ದಿತು. ಹೊಲ ಖಾಲಿ ಆಗಿರಲಿಲ್ಲ.

ಈಗ ಅದೇ ಲೆನರ್ಡ್, ಒಂದೇ ವರ್ಷದ ನಂತರ. ಐದು ವರ್ಷದ ಒಪ್ಪಂದ ಕೊಡುವ ಅವಕಾಶ ಟೊರಾಂಟೊಗೆ ಮಾತ್ರ ಇತ್ತು. ಬೇರೆಯವರು ಜಾಸ್ತಿ ಅಂದರೆ ನಾಲ್ಕು. ಆದರೂ ಅವರು ಲಾಸ್ ಏಂಜಲೀಸ್ ಕ್ಲಿಪ್ಪರ್ಸ್ ಕಡೆ ಹೊರಟರು. ಜೊತೆಗೆ ಪಾಲ್ ಜಾರ್ಜ್ ಬೇಕಿತ್ತು. ಜಾರ್ಜ್‌ಗಾಗಿ ಕ್ಲಿಪ್ಪರ್ಸ್ ಒಕ್ಲಹೋಮಾ ಸಿಟಿಗೆ ಕೊಟ್ಟಿದ್ದು ನೋಡಿ: ಮೊದಲ ಸುತ್ತಿನ ಐದು ಆಯ್ಕೆ, ಇನ್ನೆರಡು ವರ್ಷ ಆಯ್ಕೆ ಅದಲುಬದಲು ಮಾಡಿಕೊಳ್ಳುವ ಹಕ್ಕು, ಡ್ಯಾನಿಲೊ ಗಲಿನಾರಿ, ಮತ್ತೆ 20 ವರ್ಷದ ಒಬ್ಬ ಸಣಕಲು ಹುಡುಗ. ಹೆಸರು ಶೇ ಗಿಲ್ಜಸ್ ಅಲೆಕ್ಸಾಂಡರ್. ನಿಮ್ಮ ಪಕ್ಕದ ಹ್ಯಾಮಿಲ್ಟನ್‌ನವನೇ.

2025ರಲ್ಲಿ ಆ ಹುಡುಗ ಲೀಗ್‌ನ ಶ್ರೇಷ್ಠ ಆಟಗಾರ, ಫೈನಲ್‌ನ ಶ್ರೇಷ್ಠ ಆಟಗಾರ, ಒಕ್ಲಹೋಮಾಗೆ ಕಪ್. ಪಕ್ಕದಲ್ಲಿ ಆಡಿದ ಜೇಲನ್ ವಿಲಿಯಮ್ಸ್ ಯಾರು ಗೊತ್ತಾ? ಕ್ಲಿಪ್ಪರ್ಸ್ ಕೊಟ್ಟ ಆಯ್ಕೆಯಲ್ಲೇ ಬಂದವರು. ಇತ್ತ ಲೆನರ್ಡ್ ಮಂಡಿ ಗಾಯ ಮಾಡಿಕೊಂಡರು. 2024ರಲ್ಲಿ ಜಾರ್ಜ್ ಒಪ್ಪಂದ ಮುಗಿಸಿ ಫಿಲಡೆಲ್ಫಿಯಾಕ್ಕೆ ಹೋದರು. ಬದಲಿಗೆ ಕ್ಲಿಪ್ಪರ್ಸ್‌ಗೆ ಏನೂ ಬರಲಿಲ್ಲ. ಅವರನ್ನು ಪೂರಾ ಬೈಯಲೂ ಮನಸ್ಸಿಲ್ಲ ನನಗೆ. ಜಾರ್ಜ್ ಇಲ್ಲದೆ ಲೆನರ್ಡ್ ಬರುತ್ತಿರಲಿಲ್ಲ, ಕೈ ಕಟ್ಟಿಹಾಕಿದಂತಿತ್ತು. ಆದರೆ ಮಾರಿದ್ದು ಮಾತ್ರ ಬಿತ್ತನೆ ರಾಗಿಯನ್ನೇ.

ಬ್ರೂಕ್ಲಿನ್ ನೆಟ್ಸ್ ಕಥೆ ನಿಮಗೆ ನೆನಪಿರಲೇಬೇಕು. 2014ರಲ್ಲಿ ಏಳನೇ ಪಂದ್ಯದ ಕೊನೇ ಗಳಿಗೆಯಲ್ಲಿ ಲೌರಿ ಎಸೆತ ತಡೆದು ನಿಮ್ಮನ್ನು ಅಳಿಸಿದ್ದು ನೆಟ್ಸ್‌ನ ಪಾಲ್ ಪಿಯರ್ಸ್. ಅವರನ್ನೂ ಕೆವಿನ್ ಗಾರ್ನೆಟ್ ಅವರನ್ನೂ ತರಲು ನೆಟ್ಸ್ ಬಾಸ್ಟನ್‌ಗೆ ಮೊದಲ ಸುತ್ತಿನ ಮೂರು ಆಯ್ಕೆ, ಮೇಲೊಂದು ಅದಲುಬದಲು ಹಕ್ಕು ಕೊಟ್ಟಿತ್ತು. ಬೇಲಿ ಇಲ್ಲ, ಏನಿಲ್ಲ. ನೆಟ್ಸ್‌ಗೆ ದಕ್ಕಿದ್ದು ನಿಮ್ಮ ಮೇಲಿನ ಆ ಒಂದು ಸರಣಿ. ಬಾಸ್ಟನ್‌ಗೆ ಅದೇ ದಾರಿಯಲ್ಲಿ ಜೇಲನ್ ಬ್ರೌನ್, ಜೇಸನ್ ಟೇಟಮ್ ಬಂದರು. 2024ರ ಕಪ್ ಎತ್ತಿದ್ದು ಅವರಿಬ್ಬರೇ.

ಈಗ ನಿಮ್ಮ ಪ್ರಸ್ತಾಪಕ್ಕೆ ಬರೋಣ. ಇಬ್ಬರು ಎಳೆಯ ಹುಡುಗರು, ಬೇಲಿ ಇಲ್ಲದ ಮೂರು ಆಯ್ಕೆ. ಸ್ವಾಮಿ, ಇದು ಉಜಿರಿ ಲೆಕ್ಕ ಅಲ್ಲ, ಬ್ರೂಕ್ಲಿನ್ ಲೆಕ್ಕ! 2018ರಲ್ಲಿ ಕೈಯಲ್ಲಿ 59 ಪಂದ್ಯ ಗೆದ್ದ ತಂಡವಿತ್ತು, ಒಬ್ಬ ಸಿಕ್ಕರೆ ಸಾಕಿತ್ತು. ಈಗ ನೀವು ಹುಡುಗರನ್ನೇ ಕೊಟ್ಟರೆ ಬಂದ ಸ್ಟಾರ್ ಯಾರ ಜೊತೆ ಆಡಬೇಕು? ಎದುರಾಳಿಗಳಲ್ಲಿ ಯಾರು ದುರ್ಬಲರಾಗಿದ್ದಾರೆ ಅನ್ನುವುದನ್ನೂ ನೀವು ಬರೆದಿಲ್ಲ. ಗಾಳಿ ಯಾವ ಕಡೆ ಅಂತ ನೋಡದೆ ತೂರಿದರೆ ಹೊಟ್ಟು ನಮ್ಮ ಕಣ್ಣಿಗೇ ಬರುತ್ತೆ.

ಒಂದು ವಿಷಯದಲ್ಲಿ ಮಾತ್ರ ನಿಮ್ಮ ಪಕ್ಷ. ಕಪ್ ಒಂದೇ ಆದರೂ ಅದು ಸಾಕು ಅಂದಿರಿ. ಹದಿನೇಳು ವರ್ಷ ‘ಈ ಸಲ ಕಪ್ ನಮ್ದೇ’ ಅಂತ ಕೂಗಿ 2025ರಲ್ಲಿ ಅದನ್ನು ಕಣ್ಣಾರೆ ಕಂಡ ಬೆಂಗಳೂರಿನವನು ನಾನು. ಈ ಮಾತಿಗೆ ನನ್ನ ಹತ್ತಿರ ವಾದವೇ ಇಲ್ಲ.

ಇನ್ನು ನಿಮ್ಮ ಮಗಳ ಪ್ರಶ್ನೆ. 2018ರಲ್ಲಿ ಅವಳಿಗೆ ಒಂಬತ್ತು ವರ್ಷ, ಮೈಮೇಲೆ ಡಿರೋಜನ್ ಅವರ 10ನೇ ನಂಬರ್ ಜೆರ್ಸಿ. ‘ಅಪ್ಪಾ, ಅವರು ಏನು ತಪ್ಪು ಮಾಡಿದ್ದರು?’ ಅಂತ ಕೇಳಿದಳಂತೆ. ನೀವು ಇವತ್ತಿಗೂ ಉತ್ತರ ಕೊಟ್ಟಿಲ್ಲವಂತೆ.

ಏನೂ ತಪ್ಪು ಮಾಡಿರಲಿಲ್ಲ ಪುಟ್ಟಾ. ಒಂಬತ್ತು ವರ್ಷ ಆ ಊರಿಗೇ ಆಡಿದರು. ಬಿಟ್ಟು ಹೋಗಬಹುದಾಗಿದ್ದ 2016ರಲ್ಲೂ ಅಲ್ಲೇ ಉಳಿದರು. ತಮ್ಮನ್ನು ಕಳಿಸುವುದಿಲ್ಲ ಅಂತ ನಂಬಿದ್ದರು. ಮಾತಿನಲ್ಲಿ ಗೊಂದಲ ಆಯಿತು ಅಂತ ಉಜಿರಿ ಎಲ್ಲರ ಮುಂದೆ ಅವರ ಕ್ಷಮೆ ಕೇಳಿದರು. ಕ್ಷಮೆ ಕೇಳಿದರೂ ಟ್ರೇಡ್ ವಾಪಸ್ ಆಗುವುದಿಲ್ಲ. ಇದರಲ್ಲಿ ನ್ಯಾಯ ಹುಡುಕಬೇಡ, ನನಗೂ ಸಿಕ್ಕಿಲ್ಲ.

2019ರ ಫೆಬ್ರುವರಿ 22ರಂದು ಅವರು ಸ್ಪರ್ಸ್ ಜೆರ್ಸಿಯಲ್ಲಿ ಟೊರಾಂಟೊಗೆ ಬಂದರು. ಇಡೀ ಅಂಗಳ ಎದ್ದು ನಿಂತು ಚಪ್ಪಾಳೆ ತಟ್ಟಿತು. ಕೊನೇ ಸೆಕೆಂಡುಗಳಲ್ಲಿ ಸ್ಪರ್ಸ್ ಒಂದು ಅಂಕ ಮುಂದಿತ್ತು, ಚೆಂಡು ಡಿರೋಜನ್ ಕೈಯಲ್ಲಿತ್ತು. ಅದನ್ನು ಕಿತ್ತುಕೊಂಡು ಓಡಿ ಬುಟ್ಟಿಗೆ ಹಾಕಿದ್ದು ಲೆನರ್ಡ್. ಟೊರಾಂಟೊ 120-117.

ಆ ರಾತ್ರಿ ನೀವೂ ಮಗಳೂ ಅಲ್ಲೇ ಇದ್ದಿರಿ ಅಂತ ಬರೆದಿದ್ದೀರಿ. ಚೆಂಡು ಹೋದಾಗ ಅವಳು ಕುಣಿದಳಾ, ಸುಮ್ನೆ ಕೂತಳಾ? ಮುಂದಿನ ಪತ್ರದಲ್ಲಿ ಅದನ್ನು ತಿಳಿಸಿ.

– ಸಂಪಾದಕ