ಕ್ರಿಸ್‌ಮಸ್ ಬೇಡ ಅಂದ ಮನೆಯಲ್ಲಿ ಎರಡು ಗುಟ್ಟಿನ ಸಾಲ

ಸಾಲ, ಮನೆಖರ್ಚಿನ ವಿಷಯಕ್ಕೆ ಸಲಹೆ ಕೇಳಿ ನನ್ನ ಹತ್ತಿರ ಬಂದ ಕೋಲಾರದ ಗಂಡ ಹೆಂಡತಿಯ ಕಥೆ ಇದು, ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಲೆಕ್ಕವನ್ನು ಮಾತ್ರ ಇದ್ದ ಹಾಗೇ ಇಟ್ಟಿದ್ದೇನೆ.

ನವೆಂಬರ್ ಮಧ್ಯದಲ್ಲಿ ಮೊದಲು ಬಂದಿದ್ದು ಹೆಂಡತಿ, ಒಬ್ಬರೇ. ವಯಸ್ಸು ಮೂವತ್ತೆಂಟು. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಗಂಡ ನರಸಾಪುರ ಕೈಗಾರಿಕಾ ಪ್ರದೇಶದ ಒಂದು ಕಂಪನಿಯಲ್ಲಿ ಗುತ್ತಿಗೆ ಕೆಲಸಗಾರ. ಒಂಬತ್ತನೇ ಕ್ಲಾಸಿನ ಮಗಳು, ನಾಲ್ಕನೇ ಕ್ಲಾಸಿನ ಮಗ, ಜೊತೆಗೆ ಅತ್ತೆ. ತಲೆಮಾರುಗಳಿಂದ ಚರ್ಚಿಗೆ ಹೋಗುವ ಮನೆತನ. ಆಕೆ ಹೇಳಿದ ಸಮಸ್ಯೆ ಸಾಲದ್ದಲ್ಲ. "ಈ ಸಲ ಕ್ರಿಸ್‌ಮಸ್ ಮಾಡೋದೇ ಬೇಡ ಅಂತಿದ್ದಾರೆ ಸರ್. ಮಕ್ಕಳಿಗೆ ಏನು ಹೇಳಲಿ? ಅತ್ತೆ ಊಟ ಬಿಟ್ಟು ಕೂತಿದ್ದಾರೆ."

ಗಂಡನ ಅಪ್ಪ ತೀರಿಕೊಂಡ ಮೇಲೆ ಹಬ್ಬದೂಟ ಹಿರಿಯ ಮಗನಾದ ಇವರ ಮನೆಯಲ್ಲೇ ನಡೆಯುತ್ತಾ ಬಂದಿದೆ. ಬಂಗಾರಪೇಟೆಯಿಂದ ಗಂಡನ ಅಕ್ಕ ಭಾವ, ತಮ್ಮನ ಸಂಸಾರ, ಎಲ್ಲರೂ ಸೇರಿದರೆ ಹದಿನಾಲ್ಕು ಎಲೆ. ಬಂದ ಹೆಣ್ಣುಮಕ್ಕಳಿಗೆ ಸೀರೆ. ಅಕ್ಕಪಕ್ಕದ ಮನೆಗಳಿಗೆ ಕರ್ಜಿಕಾಯಿ, ಚಕ್ಕುಲಿ, ಕೇಕ್ ಇಟ್ಟ ತಟ್ಟೆ. ರಾತ್ರಿ ಕ್ಯಾರಲ್ ತಂಡ ಬಂದರೆ ಟೀ, ಕೇಕ್, ಕಾಣಿಕೆ ಕವರ್. ಹಿಂದಿನ ವರ್ಷ ಎಲ್ಲ ಸೇರಿ 28 ಸಾವಿರದ ಹತ್ತಿರ ಆಗಿತ್ತು. ದುಡ್ಡು ಎಲ್ಲಿಂದ ಬಂತು ಅಂತ ಕೇಳಿದೆ. ಆಕೆ ಸ್ವಲ್ಪ ಹೊತ್ತು ಸೀರೆ ಸೆರಗು ಸರಿ ಮಾಡಿಕೊಂಡರು. ಆಮೇಲೆ ಬ್ಯಾಗಿನಿಂದ ಒಂದು ಹಳದಿ ಪಾಸ್ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಸಂಘದ ಸಾಲ, ಅಂದರೆ ಮೈಕ್ರೋಫೈನಾನ್ಸ್. 50 ಸಾವಿರ, ಎರಡು ವರ್ಷ, ತಿಂಗಳಿಗೆ 2,650 ಕಂತು. ಗಂಡನಿಗೆ ಗೊತ್ತಿಲ್ಲ. "ನನ್ನ ಚೀಟಿ ದುಡ್ಡು ಬಂತು ಅಂದೆ, ನಂಬಿದರು."

ಅವತ್ತು ನಾನು ಹೇಳಿದ್ದು ಒಂದೇ. ಹಬ್ಬದ ವಿಷಯ ಬದಿಗಿಡಿ, ಮುಂದಿನ ಸಲ ಇಬ್ಬರೂ ಬನ್ನಿ, ಮನೆಯಲ್ಲಿರುವ ಸಾಲದ ಕಾಗದ ಎಲ್ಲ ತನ್ನಿ. ಈ ಪುಸ್ತಕದ ವಿಷಯವನ್ನು ಮನೆಯಲ್ಲಿ ರಾತ್ರಿ ಅತ್ತೆ, ಮಕ್ಕಳ ಕಿವಿಗೆ ಬೀಳುವ ಹಾಗೆ ಹೇಳಬೇಡಿ, ಇಲ್ಲೇ ಹೇಳೋಣ.

ಗಂಡ ಬಂದಿದ್ದು ರಾತ್ರಿ ಪಾಳಿ ಮುಗಿಸಿಕೊಂಡು, ಕಣ್ಣು ಕೆಂಪಗಿತ್ತು. ಹಳದಿ ಪುಸ್ತಕವನ್ನು ಎರಡು ಸಲ ತಿರುವಿ ನೋಡಿದರು. ಕೂಗಾಡಲಿಲ್ಲ. "ಹಾಗಾದ್ರೆ ಹೋದ ವರ್ಷ ತಿಂದ ಬಿರಿಯಾನಿ ಸಾಲದ್ದಾ?" ಅಂತಷ್ಟೇ ಕೇಳಿದರು. ಹೆಂಡತಿ ಅಳುತ್ತಾ ಕೂತರು. ಹತ್ತು ನಿಮಿಷ ಬಿಟ್ಟು ಗಂಡನೇ ಮೊಬೈಲ್ ತೆಗೆದು ಒಂದು ನಂಬರ್ ತೋರಿಸಿದರು. ಜನವರಿಯಲ್ಲಿ ಕಂಪನಿ ಕಡೆಯವನೊಬ್ಬನಿಂದ 40 ಸಾವಿರ ಕೈಸಾಲ ತಗೊಂಡಿದ್ದರು, ಮೂರು ರೂಪಾಯಿ ಬಡ್ಡಿಗೆ, ಅಂದರೆ ತಿಂಗಳಿಗೆ ನೂರಕ್ಕೆ ಮೂರು. ಇದು ಹೆಂಡತಿಗೆ ಗೊತ್ತಿರಲಿಲ್ಲ.

ಒಂದು ಗುಟ್ಟು ಇನ್ನೊಂದನ್ನು ಹೇಗೆ ಹುಟ್ಟಿಸಿತು ನೋಡಿ. ಸಂಬಳ ಬರುವುದು ತಿಂಗಳ 7ರಿಂದ 10ರ ಒಳಗೆ. ಡಿಸೆಂಬರ್‌ನಲ್ಲಿ ಬಂದ ಸಂಬಳ ಹಬ್ಬದ ಬಟ್ಟೆಬರೆಯಲ್ಲಿ ಕರಗಿತು. ಸಂಘದ ಮೊದಲ ಕಂತನ್ನು ಹೆಂಡತಿ ಅಡುಗೆಮನೆ ದುಡ್ಡಿನಿಂದ ಕಟ್ಟಿದರು. 31ರ ರಾತ್ರಿ ಆರಾಧನೆ, ಹೊಸ ವರ್ಷದ ಕೇಕ್ ಮುಗಿಯುವ ಹೊತ್ತಿಗೆ ಡಬ್ಬ ಖಾಲಿ. ಮುಂದಿನ ಸಂಬಳಕ್ಕೆ ಇನ್ನೂ ಒಂದು ವಾರ. ಶಾಲೆಯ ಬಾಕಿ ಫೀಸು, ಆಟೋದವರ ದುಡ್ಡು, ಬಾಡಿಗೆ ಎಲ್ಲ ತಲೆ ಮೇಲೆ ನಿಂತವು. ಮನೆಯಲ್ಲಿ ದುಡ್ಡು ಯಾಕೆ ಇಷ್ಟು ಬೇಗ ಮುಗಿಯಿತು ಅಂತ ಗೊತ್ತಾಗದೆ ಗಂಡ ಹೋಗಿ ಕೈಸಾಲ ಮಾಡಿದರು. ಹಬ್ಬದ ಸಾಲವನ್ನು ಜನ ಡಿಸೆಂಬರ್‌ನಲ್ಲಿ ಹುಡುಕುತ್ತಾರೆ. ನಾನು ನೋಡಿದ ಮನೆಗಳಲ್ಲಿ ಅದು ಸಿಗುವುದು ಜನವರಿ ಮೊದಲ ವಾರದಲ್ಲಿ.

ಇಬ್ಬರೂ ಸೇರಿ ಒಂದೇ ಹಾಳೆಯಲ್ಲಿ ಬರೆದರು. ಗಂಡನ ಕೈಗೆ ಬರುವುದು 16,500. ಹೊಲಿಗೆಯಿಂದ ಸರಾಸರಿ 6,000. ಅತ್ತೆಗೆ ಬರುವ ಗೃಹಲಕ್ಷ್ಮಿಯ 2,000 ಅವರ ಮಾತ್ರೆಗೇ ಹೋಗುತ್ತದೆ. ಅದೂ ಒಮ್ಮೊಮ್ಮೆ ತಿಂಗಳುಗಟ್ಟಲೆ ತಡವಾಗುತ್ತದೆ, ಹಾಗಾಗಿ ಲೆಕ್ಕದಿಂದ ಹೊರಗಿಡಿ ಅಂದೆ. ಸಾಲದ ಕಡೆ: ಸಂಘಕ್ಕೆ 2,650, ಕೈಸಾಲದ ಬಡ್ಡಿ 1,200, ಬೈಕ್ ಕಂತು 2,800, ಮಗಳ ಆನ್‌ಲೈನ್ ಪಾಠಕ್ಕೆ ಅಂತ ತಂದ ಫೋನಿನ ಕಂತು 1,500. ಮತ್ತೆ ಅತ್ತೆಯ ಆಪರೇಷನ್‌ಗೆ ಎರಡು ವರ್ಷದ ಹಿಂದೆ ಗಿರವಿ ಅಂಗಡಿಯಲ್ಲಿ ಸರ, ಬಳೆ ಅಡ ಇಟ್ಟು ತಂದ 80 ಸಾವಿರಕ್ಕೆ ಎರಡು ರೂಪಾಯಿ ಬಡ್ಡಿ, ತಿಂಗಳಿಗೆ 1,600. ಒಟ್ಟು 9,750. ಬಾಡಿಗೆ 4,500 ಕಳೆದರೆ ಐದು ಜನರ ಹೊಟ್ಟೆಬಟ್ಟೆಗೆ ಉಳಿಯುವುದು 8,250.

ಹಾಸಿಗೆ ಇದ್ದಷ್ಟು ಕಾಲು ಚಾಚಿ ಅಂತ ಬುದ್ಧಿ ಹೇಳಿ ಕಳಿಸುವುದು ಸುಲಭ. ಹಾಸಿಗೆ ಎಷ್ಟುದ್ದ ಅಂತ ಇವರಿಬ್ಬರಿಗೂ ಗೊತ್ತಾಗಿದ್ದು ಅವತ್ತೇ.

ಗಂಡನಿಗೆ ಹೆಚ್ಚು ಚುಚ್ಚಿದ್ದು ಗಿರವಿ ಅಂಗಡಿಯ ಲೆಕ್ಕ. 1,600ರಂತೆ ಎರಡು ವರ್ಷಕ್ಕೆ 38,400 ಬಡ್ಡಿ ಕಟ್ಟಿಯಾಗಿದೆ. ಅಸಲಿನಲ್ಲಿ ಒಂದು ರೂಪಾಯಿಯೂ ಇಳಿದಿಲ್ಲ. ಎರಡು ರೂಪಾಯಿ ಅಂದರೆ ವರ್ಷಕ್ಕೆ ನೂರಕ್ಕೆ 24, ಮೂರು ರೂಪಾಯಿ ಅಂದರೆ 36. ಅದೇ ಒಡವೆ ಇಟ್ಟರೆ ಬ್ಯಾಂಕಿನವರು ಹೇಳಿದ್ದು ನೂರಕ್ಕೆ 10. ಅಡ ಇಟ್ಟ ದಿನಕ್ಕಿಂತ ಚಿನ್ನದ ಬೆಲೆಯೂ ಎಷ್ಟೋ ಏರಿತ್ತು, ಹಾಗಾಗಿ ಅಷ್ಟೇ ಒಡವೆಗೆ 1,20,000 ಸಿಗುವಂತಿತ್ತು. ಗಿರವಿ ಬಿಡಿಸಿ, ಕೈಸಾಲವನ್ನೂ ತೀರಿಸಬಹುದು. ತಿಂಗಳಿಗೆ 2,800 ಬಡ್ಡಿ ಹೋಗುತ್ತಿದ್ದ ಕಡೆ 1,000ಕ್ಕೆ ಇಳಿಯುತ್ತದೆ. ಬರೀ ಮಾತಿನ ಮೇಲಿದ್ದ ಕೈಸಾಲವನ್ನು ಒಡವೆ ಮೇಲೆ ಎಳೆದುಕೊಳ್ಳುವುದು ನನಗೆ ಸಾಮಾನ್ಯವಾಗಿ ಇಷ್ಟವಿಲ್ಲ, ಕಟ್ಟದಿದ್ದರೆ ಒಡವೆ ಹರಾಜಿಗೆ ಹೋಗುತ್ತದೆ. ಆದರೆ 36 ಎಲ್ಲಿ, 10 ಎಲ್ಲಿ? ಇಲ್ಲಿ ಒಪ್ಪಿದೆ. ಒಂದು ಷರತ್ತು ಹಾಕಿದೆ: ವರ್ಷದ ಕೊನೆಗೆ ಬಡ್ಡಿ ಕಟ್ಟಿ ನವೀಕರಣ ಮಾಡಿಸುವ ಚಾಳಿ ಬೇಡ, ಪ್ರತಿ ತಿಂಗಳೂ ಬಡ್ಡಿ ಜೊತೆ ಅಸಲಿಗೂ ಒಂದಿಷ್ಟು ಕಟ್ಟಬೇಕು.

ತೊಡಕು ಒಂದೇ. ಒಡವೆ ಬಿಡಿಸಲು ಮೊದಲು ಕೈಯಲ್ಲಿ 80 ಸಾವಿರ ಬೇಕಲ್ಲ? ಯಾರಿದ್ದಾರೆ ಅಂತ ಕೇಳಿದೆ. ಗಂಡ ತುಂಬಾ ಹೊತ್ತು ಸುಮ್ಮನಿದ್ದು "ಭಾವ ಕೊಡಬಹುದು. ಆದ್ರೆ ಅಕ್ಕನ ಮುಂದೆ ಹೇಗೆ ಬಾಯಿ ಬಿಡಲಿ?" ಅಂದರು. ಅಕ್ಕನಿಗೆ ಸೀರೆ ಕೊಡುವುದಕ್ಕೆ ಸಾಲ ಮಾಡಿದ ಮನೆ ಇದು, ನೆನಪಿರಲಿ. ಫೋನಿನಲ್ಲಿ ಬೇಡ, ಹೋಗಿ ಹೇಳಿ, ಒಬ್ಬರೇ ಹೋಗಿ ಅಂದೆ. ಹೇಳಬೇಕಾದ ಮಾತನ್ನೂ ಚಿಕ್ಕದಾಗಿ ಕಟ್ಟಿಕೊಂಡೆವು: "ಅಕ್ಕಾ, ಒಡವೆ ಗಿರವಿಯಲ್ಲಿದೆ. ಬ್ಯಾಂಕಿಗೆ ಬದಲಾಯಿಸ್ತಾ ಇದ್ದೀನಿ. ಒಂದು ದಿನದ ಮಟ್ಟಿಗೆ ದುಡ್ಡು ಬೇಕು. ಭಾವ ಜೊತೆಗೇ ಬರಲಿ." ಭಾವ ಬಂದರು. ಬೆಳಗ್ಗೆ ದೊಡ್ಡಪೇಟೆಯ ಅಂಗಡಿಯಲ್ಲಿ ಒಡವೆ ಬಿಡಿಸಿ, ರಸೀದಿ ಹರಿಸಿಕೊಂಡು, ನೇರ ಬ್ಯಾಂಕಿಗೆ. ಸಂಜೆಯೊಳಗೆ ಅವರ ದುಡ್ಡು ಅವರ ಖಾತೆಗೆ ವಾಪಸ್. ಅಕ್ಕ ಎರಡು ದಿನ ಮುನಿಸಿಕೊಂಡಿದ್ದರಂತೆ, ಸಾಲ ಮಾಡಿದ್ದಕ್ಕಲ್ಲ, ತನಗೆ ಹೇಳಲಿಲ್ಲ ಅನ್ನೋದಕ್ಕೆ.

ಸಂಘದ ಸಾಲದಲ್ಲಿ 13 ಕಂತು ಬಾಕಿ ಇತ್ತು. ಅದು ತಾನಾಗಿ ಇಳಿಯುತ್ತಿದೆ, ತಪ್ಪದೆ ಕಟ್ಟಿಕೊಂಡು ಹೋಗಿ ಅಂದೆ. ಆಕೆಯ ದೂರು ಬೇರೆ ಇತ್ತು. ವಸೂಲಿ ಹುಡುಗ ರಾತ್ರಿ ಎಂಟಕ್ಕೆ ಫೋನ್ ಮಾಡುತ್ತಾನೆ, ಒಮ್ಮೊಮ್ಮೆ ಬಾಗಿಲಿಗೇ ಬರುತ್ತಾನೆ. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಆರ್‌ಬಿಐ ನಿಯಮದ ಪ್ರಕಾರ ಮೈಕ್ರೋಫೈನಾನ್ಸ್ ಸಾಲಕ್ಕೆ ಬೆಳಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ವಸೂಲಿ ಗೊತ್ತುಮಾಡಿದ ಜಾಗದಲ್ಲೇ ಆಗಬೇಕು. ಸಾಲಗಾರರು ಅಲ್ಲಿಗೆ ಸತತ ಎರಡು ಸಲ ಬರದಿದ್ದರೆ ಮಾತ್ರ ಮನೆಗೆ ಬರಬಹುದು. ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ. ಮೊದಲು ಕಂಪನಿಗೆ ಬರವಣಿಗೆಯಲ್ಲಿ ದೂರು ಕೊಡಿ, 30 ದಿನದಲ್ಲಿ ಉತ್ತರ ಬರದಿದ್ದರೆ ಆರ್‌ಬಿಐನ 14448ಕ್ಕೆ ಕರೆ ಮಾಡಿ ಅಂತ ಬರೆದುಕೊಟ್ಟೆ. ಬೆದರಿಸಿ ವಸೂಲಿ ಮಾಡುವುದರ ವಿರುದ್ಧ 2025ರಲ್ಲಿ ರಾಜ್ಯ ಸರ್ಕಾರವೂ ಕಾನೂನು ತಂದಿದೆ. ಆಕೆ ಫೋನಿನಲ್ಲಿ "ಆರು ಗಂಟೆ ಮೇಲೆ ಮಾಡಬೇಡಪ್ಪ, ನಿಯಮ ಇದೆ" ಅಂದಿದ್ದೇ ಸಾಕಾಯಿತು. ರಾತ್ರಿಯ ಕರೆ ನಿಂತವು.

ಇನ್ನು ಹಬ್ಬ. ಬೇಡವೇ ಬೇಡ ಅನ್ನುವ ಗಂಡನ ಮಾತನ್ನು ನಾನು ಒಪ್ಪಲಿಲ್ಲ. ಹಿಂದಿನ ವರ್ಷವೂ ಅವರು ಹಾಗೇ ಅಂದಿದ್ದರು, ಅದರ ಫಲವೇ ಹಳದಿ ಪುಸ್ತಕ. ಹಬ್ಬಕ್ಕೆ ಜಾಗವಿಲ್ಲದ ಬಜೆಟ್ಟನ್ನು ಮನೆಯಲ್ಲಿ ಯಾರಾದರೊಬ್ಬರು ಗುಟ್ಟಾಗಿ ಮುರಿಯುತ್ತಾರೆ. ಹಾಗಾಗಿ 8,000 ಅಂತ ಗೆರೆ ಎಳೆದೆವು, ಅದೂ ನಗದಿನಲ್ಲಿ. ಮೂರು ಲಕೋಟೆ: 25ರವರೆಗೆ ಒಂದು, 31ರವರೆಗೆ ಒಂದು, ಸಂಬಳ ಬರುವವರೆಗೆ ಒಂದು. ಮೂರನೆಯದರಲ್ಲಿ ದಿನಸಿ, ಆಟೋ ದುಡ್ಡು. ಅದನ್ನು ಅತ್ತೆ ಕೈಗೆ ಕೊಡಿ ಅಂದೆ. ಮನೆಯ ಹಿರಿಯರಿಗೆ ಬರೀ "ಖರ್ಚು ಮಾಡಬೇಡಿ" ಅಂದರೆ ಅವಮಾನ ಆಗುತ್ತದೆ, ಜವಾಬ್ದಾರಿ ಕೊಟ್ಟರೆ ಆಗುವುದಿಲ್ಲ.

ಮಕ್ಕಳಿಗೆ ಹೊಸ ಬಟ್ಟೆ, ಅತ್ತೆಗೆ ಒಂದು ಸೀರೆ. ಗಂಡ ಹೆಂಡತಿಗೆ ಇಲ್ಲ. ಮಟನ್ ಬದಲು ಕೋಳಿ ಬಿರಿಯಾನಿ. ಪಲ್ಯ, ಮೊಸರುಬಜ್ಜಿ, ಕೇಕ್ ಅಕ್ಕನ ಕಡೆಯಿಂದ, ಅವರೇ ಕೇಳಿ ಒಪ್ಪಿಕೊಂಡರು. ಹಳೇ ನಕ್ಷತ್ರಕ್ಕೆ ಹೊಸ ಬಲ್ಬು. ಕಾಣಿಕೆ ನಿಲ್ಲಿಸಿ ಅಂತ ನಾನು ಹೇಳಲಿಲ್ಲ, ಹೇಳುವುದೂ ಇಲ್ಲ. ಎಷ್ಟು ಅನ್ನುವುದನ್ನು ಇಬ್ಬರೂ ಕೂತು ಮೊದಲೇ ತೀರ್ಮಾನಿಸಲಿ, ಅಷ್ಟೇ.

ಹೊಲಿಗೆಯ ವಿಷಯ ನಡುವೆ ಸುಮ್ನೆ ಕೇಳಿದ್ದು, ದೊಡ್ಡದಾಗಿಬಿಟ್ಟಿತು. ಕ್ರಿಸ್‌ಮಸ್, ಬೆನ್ನಿಗೇ ಸಂಕ್ರಾಂತಿ. ಟೈಲರ್‌ಗೆ ವರ್ಷದಲ್ಲಿ ಜಾಸ್ತಿ ದುಡಿಮೆ ಇರುವ ಕಾಲ. ಆದರೆ ಆಕೆ ಡಿಸೆಂಬರ್ ಪೂರ್ತಿ ನೆಂಟರ, ಚರ್ಚಿನ ಗೆಳತಿಯರ ಬ್ಲೌಸುಗಳನ್ನು ಪುಕ್ಕಟೆ ಹೊಲಿಯುತ್ತಿದ್ದರು, ಕಾಸು ಕೊಡುವವರನ್ನು ವಾಪಸ್ ಕಳಿಸುತ್ತಿದ್ದರು. "ಸಂಬಂಧದವರ ಹತ್ರ ಹೇಗೆ ಕೇಳೋದು ಸರ್?" ಕೇಳಬೇಡಿ, ಗೋಡೆಗೆ ದರ ಬರೆದು ಅಂಟಿಸಿ ಅಂದೆ. ಮಗಳು ಸ್ಕೆಚ್ ಪೆನ್ನಿನಲ್ಲಿ ಬರೆದುಕೊಟ್ಟಳು: ಸಾದಾ 250, ಲೈನಿಂಗ್ 400, ಡಿಸೆಂಬರ್ 18ರ ನಂತರ ಬಟ್ಟೆ ತೆಗೆದುಕೊಳ್ಳುವುದಿಲ್ಲ. ಒಬ್ಬಿಬ್ಬರು ಮುಖ ಸಿಂಡರಿಸಿದರು. ಉಳಿದವರು ಸುಮ್ಮನೆ ಕೊಟ್ಟರು. ಹಬ್ಬದ 8,000ದಲ್ಲಿ ಅರ್ಧಕ್ಕಿಂತ ಜಾಸ್ತಿ ಆ ಗೋಡೆಯಿಂದಲೇ ಬಂತು.

ಫೆಬ್ರುವರಿಯಲ್ಲಿ ಮತ್ತೆ ಬಂದರು. ಜನವರಿ ಹೊಸ ಸಾಲವಿಲ್ಲದೆ ದಾಟಿತ್ತು. ಬಡ್ಡಿಯಲ್ಲಿ ಉಳಿದ 1,800ರಲ್ಲಿ 1,300 ಚಿನ್ನದ ಅಸಲಿಗೆ, 500 ಮುಂದಿನ ಕ್ರಿಸ್‌ಮಸ್‌ಗೆ ಅಂತ ಬ್ಯಾಂಕಿನ ಆರ್‌ಡಿಗೆ, ಅಂದರೆ ತಿಂಗಳು ತಿಂಗಳು ಕಟ್ಟುವ ಠೇವಣಿಗೆ. ಫೋನಿನ ಕಂತು ಆ ತಿಂಗಳಿಗೆ ಮುಗಿಯುತ್ತಿತ್ತು, ಆ 1,500 ಕೂಡ ಅಸಲಿಗೇ. ಆಗಸ್ಟ್‌ನಲ್ಲಿ ಬೈಕ್ ಮುಗಿದರೆ ಅದರದ್ದೂ. ಹೀಗೆ ನಡೆದರೆ ಬರುವ ಡಿಸೆಂಬರ್ ಹೊತ್ತಿಗೆ ಸಂಘದ ಸಾಲ ಇರುವುದಿಲ್ಲ, ಚಿನ್ನದ ಸಾಲ 80 ಸಾವಿರದೊಳಗೆ ಬರುತ್ತದೆ. ಒಡವೆ ಮನೆಗೆ ಬರಲು ಅದಾದ ಮೇಲೂ ಒಂದು ವರ್ಷ ಬೇಕು. ಇದನ್ನು ಮುಚ್ಚಿಡದೆ ಹೇಳಿದೆ.

ಎಲ್ಲ ಸರಿಹೋಗಿಲ್ಲ. ಹೆಣ್ಣುಮಕ್ಕಳನ್ನು ಬರಿಗೈಲಿ ಕಳಿಸಿದೆವು ಅಂತ ಅತ್ತೆ ಇನ್ನೂ ಕೊರಗುತ್ತಾರೆ. ಹೊಲಿಗೆಗೆ ಮೋಟಾರ್ ಇರುವ ಹೊಸ ಮಷೀನ್ ಬೇಕು, ಸಂಘದಲ್ಲಿ ಎರಡನೇ ಸಾಲ ಕೊಡ್ತಾರಂತೆ ಅಂತ ಆಕೆ ಕೇಳಿದರು. ಈಗ ಬೇಡ, ಇರುವ ಮಷೀನಿಗೇ ಮೋಟಾರ್ ಕೂರಿಸಲು ಎಷ್ಟಾಗುತ್ತೆ ವಿಚಾರಿಸಿ ಅಂದೆ. ಗಂಡ ಪಕ್ಕದಲ್ಲೇ ಕೂತು ಕೇಳಿಸಿಕೊಂಡರು. ಮಗಳು ಹತ್ತನೇ ಕ್ಲಾಸಿಗೆ ಬರುತ್ತಾಳೆ, ಮೇ ಕೊನೆಗೆ ಫೀಸು, ಪುಸ್ತಕದ ಖರ್ಚು. ಮುಂದಿನ ಭೇಟಿಯನ್ನು ಏಪ್ರಿಲ್‌ನಲ್ಲೇ ಇಟ್ಟುಕೊಂಡಿದ್ದೇವೆ.