ಎತ್ತದೇ ಬಿಟ್ಟ ಫೋನು

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಅವರಿಗೆ 36 ವರ್ಷ. 11 ವರ್ಷದಿಂದ ಸ್ವತಂತ್ರವಾಗಿ ಕಿರುಚಿತ್ರ, ಸಾಕ್ಷ್ಯಚಿತ್ರ ಮಾಡುತ್ತಿದ್ದಾರೆ. ನನ್ನ ಬಳಿ ಆಪ್ತಸಮಾಲೋಚನೆಗೆ ಬಂದ ದಿನ ಮೊದಲು ಹೇಳಿದ್ದು ನಿದ್ದೆಯ ವಿಷಯ. "ರಾತ್ರಿ ಮೂರಕ್ಕೆ ಎಚ್ಚರ ಆಗುತ್ತೆ ಮೇಡಂ. ಆಮೇಲೆ ಮೇಲ್ ನೋಡ್ತಾ ಕೂರ್ತೀನಿ."

ಮೇಲ್ ಎಂದರೆ ಚಿತ್ರೋತ್ಸವಗಳದ್ದು. ತಮ್ಮ 22 ನಿಮಿಷದ ಕಿರುಚಿತ್ರವನ್ನು 17 ಉತ್ಸವಗಳಿಗೆ ಕಳಿಸಿದ್ದರು. 16 ಕಡೆಯಿಂದ ಆಯ್ಕೆಯಾಗಿಲ್ಲ ಎಂಬ ಉತ್ತರ ಬಂದಿತ್ತು. "ಇಷ್ಟು ಜನ ಬೇಡ ಅಂದ ಮೇಲೆ ನನಗೆ ಈ ಕೆಲಸ ಬರಲ್ಲ ಅಂತಲೇ ಅಲ್ವಾ?"

ನಾನು ಸಿನಿಮಾದವಳಲ್ಲ. ಆದರೂ ಆ ಪಟ್ಟಿಯನ್ನು ಮುಂದಿಟ್ಟುಕೊಂಡು ಒಂದೊಂದೇ ಉತ್ಸವದ ನಿಯಮ ಓದೋಣ ಎಂದೆ. ಓದುತ್ತಾ ಹೋದ ಹಾಗೆ ಅವರೇ ಮೌನವಾದರು. ಮುಗಿಸಿದ ಖುಷಿಗೆ ಅವರು ಚಿತ್ರವನ್ನು ಮೊದಲ ವಾರವೇ ಅಂತರ್ಜಾಲಕ್ಕೆ ಹಾಕಿಬಿಟ್ಟಿದ್ದರು. ಪಟ್ಟಿಯ ಐದು ಕಡೆ ಹಾಗೆ ಹಾಕಿದ ಚಿತ್ರವನ್ನು ತೆಗೆದುಕೊಳ್ಳುವುದೇ ಇಲ್ಲ. ಉದ್ದದ ಮಾತೂ ಇದೆ. ಫ್ರಾನ್ಸ್‌ನ ಕಾನ್ ಉತ್ಸವದ ಕಿರುಚಿತ್ರ ಸ್ಪರ್ಧೆಗೆ 15 ನಿಮಿಷ ದಾಟುವಂತಿಲ್ಲ. ಆಸ್ಕರ್‌ನಲ್ಲಾದರೆ ಹೆಸರುಗಳ ಪಟ್ಟಿಯೂ ಸೇರಿ 40 ನಿಮಿಷದವರೆಗೆ ನಡೆಯುತ್ತದೆ. ಆಯ್ಕೆ ಮಾಡುವವರು ಹಲವು ಕಿರುಚಿತ್ರ ಸೇರಿಸಿ ಒಂದು ಪ್ರದರ್ಶನ ಕಟ್ಟುತ್ತಾರೆ. ಒಂದೂವರೆ ಗಂಟೆಯ ಪ್ರದರ್ಶನದಲ್ಲಿ 22 ನಿಮಿಷದ ಚಿತ್ರ ಸುಮಾರು ಕಾಲು ಭಾಗ ನುಂಗುತ್ತದೆ. ಹೀಗಿರುವಾಗ 16 ಉತ್ತರಗಳನ್ನೂ ತಮ್ಮ ಪ್ರತಿಭೆಗೆ ಸಿಕ್ಕ ತೀರ್ಪು ಎಂದುಕೊಳ್ಳುವುದು ತಮಗೆ ತಾವೇ ಮಾಡಿಕೊಳ್ಳುವ ಅನ್ಯಾಯ.

ಅವರ ಮುಖ ಸ್ವಲ್ಪ ಹಗುರಾಯಿತು. ಆದರೆ ನನ್ನ ಗಮನ ಬೇರೆ ಕಡೆ ಇತ್ತು. ಒಂದು ಗಂಟೆಯಲ್ಲಿ ಅವರ ಫೋನ್ ಮೂರು ಸಲ ಅಲುಗಿತ್ತು. ಪ್ರತಿ ಸಲವೂ ಹೆಸರು ನೋಡಿ, ಮೆಲ್ಲಗೆ ಕವುಚಿ ಇಡುತ್ತಿದ್ದರು. ಯಾರದು ಎಂದು ಕೇಳಿದೆ.

"ದೋಣಿ ಅಜ್ಜ."

ಆಗ ನಿಜವಾದ ವಿಷಯ ಹೊರಗೆ ಬಂತು. ಬೇರೆ ಒಂದು ಸಾಕ್ಷ್ಯಚಿತ್ರಕ್ಕೆಂದು, ಮರದ ದೋಣಿ ಕಟ್ಟುವ ಒಬ್ಬ ಅಜ್ಜನನ್ನು ಮೂರು ವರ್ಷ ಚಿತ್ರೀಕರಿಸಿದ್ದರು. 90 ಗಂಟೆಯ ದೃಶ್ಯ ಹಾರ್ಡ್ ಡಿಸ್ಕ್‌ನಲ್ಲಿದೆ. ಎಡಿಟಿಂಗ್‌ಗೆ ಕೂತು ಎಂಟು ತಿಂಗಳಾದರೂ ಮುಗಿಯುತ್ತಿಲ್ಲ. ಅಜ್ಜ ವಾರಕ್ಕೊಮ್ಮೆ ಕೇಳುತ್ತಾರೆ: "ಏನಮ್ಮಾ, ನನ್ನ ಸಿನಿಮಾ ಯಾವಾಗ ಬರುತ್ತೆ?" ಹೇಳಲು ಉತ್ತರವಿಲ್ಲ. ಅದಕ್ಕೆ ಫೋನ್ ಎತ್ತುವುದನ್ನೇ ಬಿಟ್ಟಿದ್ದಾರೆ. ಬಾಡಿಗೆ ಕಟ್ಟಲು ಕಂಪನಿಗಳ ಪ್ರಚಾರದ ವಿಡಿಯೊ ಮಾಡುತ್ತಾರೆ. ಅದನ್ನು ಹೇಳುವಾಗಲೂ ತಲೆ ತಗ್ಗಿಸಿದರು.

ಸಾಕ್ಷ್ಯಚಿತ್ರದವರ ಈ ಸಂಕಟವನ್ನು ಹೊರಗಿನವರು ಗಮನಿಸುವುದು ಕಡಿಮೆ. ನಟ ಸಂಭಾವನೆ ತೆಗೆದುಕೊಂಡು ಮನೆಗೆ ಹೋಗುತ್ತಾನೆ. ಇಲ್ಲಿ ಹಾಗಲ್ಲ. ಒಬ್ಬರು ನಂಬಿ ತಮ್ಮ ಬದುಕನ್ನೇ ತೆರೆದಿಟ್ಟಿರುತ್ತಾರೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡ ಮಾತ್ರಕ್ಕೆ ಆ ಋಣ ತೀರಲ್ಲ. ರಾತ್ರಿ ಮೂರಕ್ಕೆ ಅವರನ್ನು ಎಬ್ಬಿಸುತ್ತಿದ್ದದ್ದು ಉತ್ಸವಗಳ ಮೇಲ್‌ಗಿಂತ ಜಾಸ್ತಿ ಆ ಋಣವೇ ಎಂದು ನನಗನ್ನಿಸಿತು. ಅವರಿಗೆ ಹಾಗೇ ಹೇಳಿದೆ. ಸುಮಾರು ಹೊತ್ತು ಅತ್ತರು.

"ಧೈರ್ಯವಾಗಿರಿ, ಒಳ್ಳೆ ಕಾಲ ಬರುತ್ತೆ" ಎಂದು ನಾನು ಹೇಳಲಿಲ್ಲ. ಅಂಥ ಮಾತು ಅವರು ಬೇಕಾದಷ್ಟು ಕೇಳಿದ್ದರು. ಇವತ್ತೇ ಅಜ್ಜನಿಗೆ ಫೋನ್ ಮಾಡಿ, ಮುಗಿದಿಲ್ಲ ಎಂದು ನೇರವಾಗಿ ಹೇಳಿ ಎಂದೆ. ಆಮೇಲೆ, ಎಷ್ಟಾಗಿದೆಯೋ ಅಷ್ಟನ್ನೇ ತೆಗೆದುಕೊಂಡು ಹೋಗಿ ಅವರ ಪಕ್ಕದಲ್ಲಿ ಕೂತು ತೋರಿಸಬೇಕು. ಯಾವ ಉತ್ಸವಕ್ಕೂ ಮೊದಲು ಅವರಿಗೆ. ಪ್ರಚಾರದ ಕೆಲಸಕ್ಕೆ ವಾರದಲ್ಲಿ ಮೂರು ದಿನ ಮೀಸಲಿಡಿ, ಅದಕ್ಕೆ ನಾಚಿಕೆ ಬೇಡ, ಈ ಚಿತ್ರವನ್ನು ಸಾಕುತ್ತಿರುವುದೇ ಆ ದುಡ್ಡು ಎಂದೆ. ಉತ್ಸವಗಳ ಮೇಲ್‌ಗೆ ಬೇರೆ ವಿಳಾಸ ಮಾಡಿಕೊಂಡು, ವಾರಕ್ಕೊಮ್ಮೆ ಹಗಲಿನಲ್ಲಿ ಮಾತ್ರ ತೆರೆಯಬೇಕು. ಫೋನ್ ರಾತ್ರಿ ಬೇರೆ ಕೋಣೆಯಲ್ಲಿರಲಿ. ಮೂರು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ ವೈದ್ಯರನ್ನು ನೋಡಲೇಬೇಕು ಎಂದೂ ಹೇಳಿದೆ.

ಐದನೇ ಭೇಟಿಗೆ ಬಂದಾಗ ಲ್ಯಾಪ್‌ಟಾಪ್ ತಂದಿದ್ದರು. ಅಜ್ಜನಿಗೆ ತೋರಿಸಿ ಬಂದಿದ್ದರು. ಅಜ್ಜ ಇಡೀ ಚಿತ್ರವನ್ನು ಮಾತಿಲ್ಲದೆ ನೋಡಿ, ಕೊನೆಗೆ ಒಂದೇ ಪ್ರಶ್ನೆ ಕೇಳಿದರಂತೆ: "ಆ ದಿನ ಹಲಗೆ ಸೀಳಿ ಹೋಯ್ತಲ್ಲ, ಅದನ್ಯಾಕೆ ಹಾಕಿಲ್ಲ?"

ಆ ದೃಶ್ಯ ಅವರ ಬಳಿ ಇತ್ತು. ಫೋಕಸ್ ಸರಿಯಿಲ್ಲ ಎಂದು ಬದಿಗಿಟ್ಟಿದ್ದರು. ನನಗೂ ತೋರಿಸಿದರು. ಮಸುಕು ಮಸುಕಾದ ಹಲಗೆ. ಅಜ್ಜ ಹೆಬ್ಬೆರಳಿನಿಂದ ಸೀಳನ್ನು ಈ ತುದಿಯಿಂದ ಆ ತುದಿಗೆ ಸವರುತ್ತಾರೆ. ಏನೂ ಹೇಳುವುದಿಲ್ಲ. ಹಲಗೆಯನ್ನು ಪಕ್ಕಕ್ಕಿಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತಾರೆ.

"ಇದು ಇಲ್ಲದ್ದಕ್ಕೇ ಚಿತ್ರ ಮುಂದೆ ಹೋಗ್ತಿರಲಿಲ್ಲ ಮೇಡಂ," ಎಂದರು. ಈಗ ಅದು ಚಿತ್ರದ ನಡುವೆ ಬಂದು ಕೂತಿದೆ. ಒಟ್ಟು ಉದ್ದ 38 ನಿಮಿಷ. ಎಲ್ಲಿಗೂ ಕಳಿಸಿಲ್ಲ. ಈ ಸಲ ಮೊದಲೇ ನಿಯಮ ಓದಿ ಆರು ಉತ್ಸವಗಳ ಹೆಸರು ಬರೆದಿಟ್ಟುಕೊಂಡಿದ್ದಾರೆ. ಮಾತಿನ ನಡುವೆ ಫೋನ್ ಅಲುಗಿತು. ಹೆಸರು ನೋಡಿ, ನನ್ನತ್ತ ಒಮ್ಮೆ ನೋಡಿ, "ಎರಡೇ ನಿಮಿಷ" ಎಂದು ಎತ್ತಿಕೊಂಡು ಹೊರಗೆ ಹೋದರು.