ಸಿಇಟಿ, ಕಾಮೆಡ್‌-ಕೆ ಎರಡಕ್ಕೂ ಒಂದೇ ಓದು ಸಾಕಾ?

ಪ್ರಶ್ನೆ: ವಿರಾಜಪೇಟೆಯಲ್ಲಿ ಎರಡನೇ ಪಿಯುಸಿ ಓದುತ್ತಿದ್ದೇನೆ ಸಾರ್. ಎಂಜಿನಿಯರಿಂಗ್‌ಗೆ ಸಿಇಟಿ, ಕಾಮೆಡ್‌-ಕೆ ಎರಡನ್ನೂ ಬರೆಯಬೇಕು. ಬೇರೆ ಬೇರೆ ಓದಬೇಕಾ?

ಉತ್ತರ: ಖಂಡಿತ ಬೇಡ. ಎರಡರಲ್ಲೂ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್‌ಗೆ ತಲಾ 60 ಪ್ರಶ್ನೆ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಪಿಯು ಪಠ್ಯವನ್ನೇ ಗಟ್ಟಿ ಮಾಡಿಕೊಳ್ಳಿ. ತೊಂದರೆ ಇರುವುದು ಸಮಯದ್ದು: ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 80 ನಿಮಿಷ, ಓಎಂಆರ್ ಹಾಳೆಯಲ್ಲಿ ಪೆನ್ನಿನಿಂದ ಗುರುತು ಮಾಡಬೇಕು; ಕಾಮೆಡ್‌-ಕೆಯಲ್ಲಿ ಮೂರೂ ಸೇರಿ 180 ನಿಮಿಷ, ಅದೂ ಕಂಪ್ಯೂಟರ್ ಮುಂದೆ, ಅಂದರೆ ಒಂದು ಲೆಕ್ಕಕ್ಕೆ ಒಂದೇ ನಿಮಿಷ. ಹಾಗಾಗಿ ಮ್ಯಾಥ್ಸನ್ನು ಗಡಿಯಾರ ನೋಡಿಕೊಂಡೇ ಬಿಡಿಸಿ. ಸಿಇಟಿ ರ‍್ಯಾಂಕಿಗೆ ಪಿಯು ಅಂಕದ್ದೂ ಅರ್ಧ ಪಾಲು, ಬೋರ್ಡ್ ಪರೀಕ್ಷೆಯನ್ನು ಸುಮ್ನೆ ಕಡೆಗಣಿಸಬೇಡಿ. ನಮ್ಮ ಕೊಡಗಿನಲ್ಲಿ ಮಳೆ ಹಿಡಿದರೆ ಕರೆಂಟ್, ನೆಟ್‌ವರ್ಕ್ ಎರಡೂ ಇರಲ್ಲ ಅಲ್ವಾ, ಹಳೇ ಪ್ರಶ್ನೆಪತ್ರಿಕೆಗಳನ್ನು ಈಗಲೇ ಪ್ರಿಂಟ್ ಹಾಕಿಸಿಟ್ಟುಕೊಳ್ಳಿ.